ಸೆಕೆಂಡನ್ನು ಸೀಳಿ ನೋಡುವವರು

ರಾತ್ರಿ. ಈಗಷ್ಟೇ ಮಳೆ ನಿಂತ ರಸ್ತೆ. ಮೇಲೆ ಬಣ್ಣಬಣ್ಣದ ದೀಪದ ಫಲಕಗಳು. ಕೆಳಗೆ ನಿಂತ ನೀರಿನಲ್ಲಿ ಅವೇ ತಲೆಕೆಳಗಾಗಿ ನಡುಗುತ್ತಿವೆ. ಒಬ್ಬಾತ ಮೂಲೆಯ ಅಂಗಡಿಯ ಮುಂದಿನಿಂದ ಹೊರಟು, ಎಡಕ್ಕೆ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು, ಮೇಲ್ಸೇತುವೆಯ ಕೆಳಗೆ ಬಂದು ನಿಲ್ಲುತ್ತಾನೆ. ಹಿಡಿದದ್ದು 60 ಸೆಕೆಂಡು. ಮರುಕ್ಷಣ ಅದೇ ಅಂಗಡಿ, ಅದೇ ತಿರುವು, ಅದೇ ಸೇತುವೆ. ಆಮೇಲೆ ಮೂರನೆಯ ಸಲ. ಎದುರಾಳಿಯನ್ನು ಹೊಡೆಯುವುದಿಲ್ಲ, ಹಣ ದೋಚುವುದಿಲ್ಲ, ಕಥೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ.

ಮೌಸ್ ಹಿಡಿದವರಿಗೂ ಕಥೆಯ ಗೊಡವೆಯಿಲ್ಲ. ಅವರ ಮೇಜಿನ ಮೇಲೆ ಒಡಲು ಬಿಚ್ಚಿಟ್ಟ ಕಂಪ್ಯೂಟರೊಂದಿದೆ. ಅದಕ್ಕೆ ಸಿಕ್ಕಿಸಿದ ಗ್ರಾಫಿಕ್ಸ್ ಕಾರ್ಡ್ ಮನೆ ಕಟ್ಟುವ ಇಟ್ಟಿಗೆಗಿಂತ ಉದ್ದ, ಎರಡು ಕಿಲೋ ತೂಕ. ಫ್ಯಾನಿನ ಬಾಯಿಗೆ ಥರ್ಮಾಮೀಟರ್, ವಯರುಗಳ ನಡುವೆ ಕರೆಂಟು ಅಳೆಯುವ ಪುಟ್ಟ ಸಾಧನ, ಪಕ್ಕದಲ್ಲಿ ಸಾಲುಸಾಲಾಗಿ ಅಂಕಿ ಉದುರಿಸುವ ಇನ್ನೊಂದು ಪರದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ ‘ಸೈಬರ್‌ಪಂಕ್ 2077’ ಆಟ 2020ರ ಡಿಸೆಂಬರ್‌ನಲ್ಲಿ ಬಂದಾಗಿನಿಂದ ಅದರ ಬೀದಿಗಳಲ್ಲಿ ಹೀಗೆ ಗುರಿಯಿಲ್ಲದೆ ನಡೆದವರಿಗೆ ಲೆಕ್ಕವಿಲ್ಲ. ಇವರು ಆಟಗಾರರಲ್ಲ. ದುಬಾರಿ ಗ್ರಾಫಿಕ್ಸ್ ಕಾರ್ಡುಗಳ ಪರೀಕ್ಷಕರು.

ಅವರ ದುಡಿಮೆಯ ಫಲ ನಮಗೆ ಸಿಗುವುದು ಒಂದು ಪಟ್ಟಿಯ ರೂಪದಲ್ಲಿ. ಈ ಕಾರ್ಡಿಗೆ 120 ಎಫ್‌ಪಿಎಸ್, ಆ ಕಾರ್ಡಿಗೆ 95. ಉದ್ದದ ಗೆರೆ ಯಾರದೋ ಅವರು ಗೆದ್ದರು ಎಂದುಕೊಂಡು ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ಆ ಗೆರೆ ಎಣಿಸಿದ್ದು ಏನನ್ನು? ಕಳೆದ ಕಾಲು ಶತಮಾನದಲ್ಲಿ ಈ ಪ್ರಶ್ನೆಯ ಉತ್ತರ ಹಲವು ಸಲ ಬದಲಾಗಿದೆ. ಕೆಲವೊಮ್ಮೆ ಕಂಪನಿಗಳು ಸುಳ್ಳು ಹೇಳಿದ್ದರಿಂದ, ಕೆಲವೊಮ್ಮೆ ಅಂಕಿಯೇ ಸುಳ್ಳು ಹೇಳಿದ್ದರಿಂದ.

ಆಗಿಂದಾಗ ಬಿಡಿಸುವ ಚಿತ್ರ

ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಸರಮಾಲೆ. ಅವೆಲ್ಲ ಮೊದಲೇ ತೆಗೆದಿಟ್ಟವು, ತೋರಿಸುವುದಷ್ಟೇ ಕೆಲಸ. ಕಂಪ್ಯೂಟರ್ ಆಟದಲ್ಲಿ ಮೊದಲೇ ತೆಗೆದಿಟ್ಟ ಚಿತ್ರ ಅಂತ ಇಲ್ಲ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಯಾರಿಗೆ ಗೊತ್ತು? ತಿರುಗಿದ ಮೇಲೆಯೇ ಆ ಕೋನದಿಂದ ಗೋಡೆ ಹೇಗೆ ಕಾಣಬೇಕು, ನೆರಳು ಎಲ್ಲಿ ಬೀಳಬೇಕು ಎಂದು ಲೆಕ್ಕ ಹಾಕಿ ಬಿಡಿಸಬೇಕು. ಹೀಗೆ ಬಿಡಿಸಿದ ಒಂದೊಂದು ಚಿತ್ರವೂ ಒಂದೊಂದು ಫ್ರೇಮ್. ಸೆಕೆಂಡಿಗೆ ಇಂಥವು ಎಷ್ಟು ಎಂಬುದೇ ಎಫ್‌ಪಿಎಸ್.

4ಕೆ ಪರದೆಯಲ್ಲಿ ಉದ್ದಕ್ಕೆ 3,840, ಎತ್ತರಕ್ಕೆ 2,160 ಚುಕ್ಕಿಗಳು, ಒಟ್ಟು ಸುಮಾರು 83 ಲಕ್ಷ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಹತ್ತಿರಹತ್ತಿರ 50 ಕೋಟಿ ಚುಕ್ಕಿಗಳ ಬಣ್ಣ ತೀರ್ಮಾನವಾಗಬೇಕು, ಅದೂ ಪ್ರತಿ ಸೆಕೆಂಡು. 1999ರಲ್ಲಿ ಎನ್ವಿಡಿಯಾ ‘ಜಗತ್ತಿನ ಮೊದಲ ಜಿಪಿಯು’ (ಚಿತ್ರ ಬಿಡಿಸುವ ಚಿಪ್ಪು) ಎಂದು ಡಂಗುರ ಹೊಡೆದು ತಂದ ಜಿಫೋರ್ಸ್ 256ರಲ್ಲಿ 2.3 ಕೋಟಿ ಟ್ರಾನ್ಸಿಸ್ಟರುಗಳಿದ್ದವು. 2025ರ ಜನವರಿ 30ರಂದು ಮಾರಾಟಕ್ಕೆ ಬಂದ ಅದೇ ಕಂಪನಿಯ ಆರ್‌ಟಿಎಕ್ಸ್ 5090ರಲ್ಲಿ 9,220 ಕೋಟಿ. ಹೆಚ್ಚುಕಡಿಮೆ 4,000 ಪಟ್ಟು. ಭಾರತದಲ್ಲಿ ಇದರ ಬೆಲೆ ಶುರುವಾಗಿದ್ದು ₹2,14,000ದಿಂದ. ಹಳ್ಳಿಯಲ್ಲಿ ಎರಡು ಬೈಕು ಕೊಳ್ಳುವ ದುಡ್ಡನ್ನು ಒಂದು ಬಿಡಿಭಾಗಕ್ಕೆ ಸುರಿಯುವವನಿಗೆ, ಅದು ನಿಜಕ್ಕೂ ಎಷ್ಟು ಓಡುತ್ತದೆ ಎಂದು ಕೇಳುವ ಹಕ್ಕಿದೆ.

ಸರಾಸರಿಯ ಮರೆಯಲ್ಲಿ

ಶುರುವಿನಲ್ಲಿ ಅಳೆಯುವ ಕ್ರಮ ಸರಳವಾಗಿತ್ತು. 1993ರ ‘ಡೂಮ್’, 1996ರ ‘ಕ್ವೇಕ್’ ಆಟಗಳಲ್ಲೇ ಟೈಮ್‌ಡೆಮೊ ಎಂಬ ಸೌಲಭ್ಯವಿತ್ತು. ಮೊದಲೇ ದಾಖಲಿಸಿಟ್ಟ ಆಟದ ತುಣುಕನ್ನು ಕಂಪ್ಯೂಟರ್ ತನ್ನ ಕೈಲಾದಷ್ಟು ವೇಗವಾಗಿ ಮತ್ತೆ ಬಿಡಿಸುತ್ತಿತ್ತು. ಒಟ್ಟು ಫ್ರೇಮುಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಸರಾಸರಿ ಸಿಕ್ಕಿತು, ಕೆಲಸ ಮುಗಿಯಿತು. ಹತ್ತು ಹದಿನೈದು ವರ್ಷ ಎಲ್ಲರೂ ಈ ಸರಾಸರಿಯನ್ನೇ ನಂಬಿದರು.

ಒಂದು ಸಣ್ಣ ಲೆಕ್ಕ ಮಾಡೋಣ. ಮೊದಲ ಕಾರ್ಡ್ ಒಂದು ಸೆಕೆಂಡಿನಲ್ಲಿ 60 ಫ್ರೇಮುಗಳನ್ನು ಸಮನಾಗಿ ಬಿಡಿಸುತ್ತದೆ, ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡು. ಎರಡನೆಯದು 59 ಫ್ರೇಮುಗಳನ್ನು ತಲಾ 8 ಮಿಲಿಸೆಕೆಂಡಿನಲ್ಲಿ, ಅಂದರೆ ಒಟ್ಟು 472 ಮಿಲಿಸೆಕೆಂಡಿನಲ್ಲಿ ಬಿಡಿಸಿ ಎಸೆದು, ಅರವತ್ತನೆಯದಕ್ಕೆ ಉಳಿದ 528 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಎರಡರ ಸರಾಸರಿಯೂ 60. ಆದರೆ ಎರಡನೆಯ ಕಾರ್ಡಿನಲ್ಲಿ ಚಿತ್ರ ಅರ್ಧ ಸೆಕೆಂಡು ಕಲ್ಲಾಗಿ ನಿಂತಿತ್ತು. ಅಷ್ಟರಲ್ಲಿ ಎದುರಾಳಿ ನಿಮ್ಮನ್ನು ಮುಗಿಸಿರುತ್ತಾನೆ.

2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ದಿ ಟೆಕ್ ರಿಪೋರ್ಟ್’ ಜಾಲತಾಣದ ಸ್ಕಾಟ್ ವಾಸನ್ ಬರೆದ ಲೇಖನವೊಂದು ಹೇಳಿದ್ದು ಇದನ್ನೇ. ಸೆಕೆಂಡು ನಮಗೆ ಚಿಕ್ಕದು, ಕಂಪ್ಯೂಟರಿಗೆ ಅದೊಂದು ಯುಗ. ಅದರೊಳಗೆ ಏನೇನಾಯಿತು ಎಂದು ನೋಡದೆ ತೀರ್ಪು ಕೊಡಬೇಡಿ ಎಂಬುದು ಅವರ ವಾದ. ಪ್ರತಿ ಫ್ರೇಮಿಗೆ ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಬರೆದುಕೊಂಡು, ಆ ಸಾಲಿನಲ್ಲಿ ಎಲ್ಲಿ ಮುಗ್ಗರಿಸಿತೆಂದು ಅವರು ಹುಡುಕಿದರು. ಓದಿದವರಿಗೆ ‘ಅರೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ’ ಎನ್ನಿಸಿರಬೇಕು. ಆಟಗಾರರು ವರ್ಷಗಳಿಂದ ‘ನಂಬರ್ ಚೆನ್ನಾಗಿದೆ, ಆದ್ರೂ ಎಲ್ಲೋ ತಡವರಿಸುತ್ತೆ’ ಎಂದು ಗೊಣಗುತ್ತಿದ್ದರು, ಆ ಗೊಣಗಾಟಕ್ಕೆ ಕೊನೆಗೂ ಒಂದು ಅಳತೆಗೋಲು ಸಿಕ್ಕಿತು. ಮುಂದೆ ವಾಸನ್ ಅವರನ್ನು ಕಾರ್ಡ್ ತಯಾರಿಸುವ ಎಎಂಡಿ ಕಂಪನಿಯೇ ಕೆಲಸಕ್ಕೆ ಕರೆದುಕೊಂಡಿತು.

ಇವತ್ತು ಪಟ್ಟಿಗಳಲ್ಲಿ ಸರಾಸರಿಯ ಪಕ್ಕ ಕಾಣುವ ‘1% ಲೋ’ ಇದೇ ಬೇರಿನ ಚಿಗುರು. 60 ಸೆಕೆಂಡಿನ ಓಟದಲ್ಲಿ 6,000 ಫ್ರೇಮುಗಳು ಬಂದವೆನ್ನಿ. ಅವುಗಳಲ್ಲಿ ಅತಿ ನಿಧಾನದ 60ನ್ನು ಬೇರೆ ಮಾಡಿ. ಅವು ಸರಾಸರಿ 25 ಮಿಲಿಸೆಕೆಂಡು ತೆಗೆದುಕೊಂಡಿದ್ದರೆ 1% ಲೋ 40 ಎಫ್‌ಪಿಎಸ್. ಸರಾಸರಿ 100, ಕೆಟ್ಟ ಗಳಿಗೆಯಲ್ಲಿ 40. ನನ್ನನ್ನು ಕೇಳಿದರೆ ಎರಡನೆಯ ಅಂಕಿಯನ್ನೇ ಮೊದಲು ನೋಡಬೇಕು.

ಎಫ್‌ಪಿಎಸ್ ಇನ್ನೊಂದು ರೀತಿಯಲ್ಲೂ ಕಣ್ಣಿಗೆ ಮಣ್ಣೆರಚುತ್ತದೆ. 30ರಿಂದ 60ಕ್ಕೆ ಏರಿದಾಗ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡು ಉಳಿಯುತ್ತದೆ. 60ರಿಂದ 120ಕ್ಕೆ ಏರಿದರೆ ಉಳಿಯುವುದು 8.3. 120ರಿಂದ 240ಕ್ಕೆ ಬರೀ 4.2. ಗೆರೆ ಪ್ರತಿ ಸಲ ಇಮ್ಮಡಿ ಉದ್ದವಾಗುತ್ತದೆ, ಲಾಭ ಅರ್ಧರ್ಧವಾಗುತ್ತದೆ. ದುಬಾರಿ ಕಾರ್ಡುಗಳು ಬಡಿದಾಡುವುದು ಈ ಕೊನೆಯ ಮೆಟ್ಟಿಲುಗಳಲ್ಲಿ.

ಜೋಡಿ ಬಸ್ಸುಗಳ ಕಥೆ

ಮುಕ್ಕಾಲು ಗಂಟೆ ಸ್ಟಾಪಿನಲ್ಲಿ ನಿಂತವರಿಗೆ ಒಂದೇ ನಂಬರಿನ ಎರಡು ಬಸ್ಸುಗಳು ಬೆನ್ನುಬೆನ್ನಿಗೆ ಬರುವುದು ಹೊಸದಲ್ಲ. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದು ಖಾಲಿ. ಇಲಾಖೆಯ ಲೆಕ್ಕದಲ್ಲಿ ಎರಡು ಬಸ್ಸು ಓಡಿದವು, ಸ್ಟಾಪಿನಲ್ಲಿ ನಿಂತವನ ಪಾಲಿಗೆ ಒಂದೇ.

ಹತ್ತು ಹದಿನೈದು ವರ್ಷದ ಹಿಂದೆ ಸಿರಿವಂತ ಆಟಗಾರರು ಒಂದೇ ಕಂಪ್ಯೂಟರಿಗೆ ಎರಡು ಕಾರ್ಡುಗಳನ್ನು ಜೋಡಿಸುತ್ತಿದ್ದರು. ಒಂದು ಫ್ರೇಮ್ ಇದು, ಮುಂದಿನದು ಅದು ಬಿಡಿಸಬೇಕು. ಎಫ್‌ಪಿಎಸ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು, ಆದರೂ ಆಟ ನಯವಾಗುತ್ತಿರಲಿಲ್ಲ. 2013ರಲ್ಲಿ ಎನ್ವಿಡಿಯಾ ಹೊರತಂದ ಎಫ್‌ಕ್ಯಾಟ್ ಎಂಬ ಸಾಧನ ಗುಟ್ಟು ಬಿಚ್ಚಿಟ್ಟಿತು. ಪ್ರತಿ ಫ್ರೇಮಿನ ಎಡ ಅಂಚಿಗೆ ಬೇರೆಬೇರೆ ಬಣ್ಣದ ಪಟ್ಟಿ ಹಚ್ಚಿ, ಮಾನಿಟರಿಗೆ ಹೋಗುವ ಚಿತ್ರವನ್ನೇ ಇನ್ನೊಂದು ಕಂಪ್ಯೂಟರಿನಲ್ಲಿ ಹಿಡಿದು, ಪಟ್ಟಿಗಳ ಎತ್ತರ ಅಳೆಯುವ ಉಪಾಯ ಅದು. ಎಎಂಡಿಯ ಜೋಡಿ ಕಾರ್ಡುಗಳಲ್ಲಿ ಎಷ್ಟೋ ಫ್ರೇಮುಗಳು ಪರದೆಯ ಮೇಲೆ ಕೆಲವೇ ಗೆರೆಗಳಷ್ಟು ಎತ್ತರಕ್ಕೆ ಕಂಡು ಮಾಯವಾಗುತ್ತಿದ್ದವು. ಕೌಂಟರಿಗೆ ಅವೂ ಫ್ರೇಮೇ, ಕಣ್ಣಿಗೆ ಮಾತ್ರ ಬೆನ್ನಿಗಂಟಿ ಬಂದ ಖಾಲಿ ಬಸ್ಸು. ಪ್ರತಿಸ್ಪರ್ಧಿಯ ಹುಳುಕು ತೋರಿಸಲು ಎನ್ವಿಡಿಯಾಗೆ ಇದ್ದ ಹುರುಪನ್ನು ಬೇರೆ ಹೇಳಬೇಕಿಲ್ಲ. ಆದರೆ ಅಳತೆ ಸರಿಯಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಎಎಂಡಿ ಕಾರ್ಡನ್ನು ನಡೆಸುವ ತನ್ನ ತಂತ್ರಾಂಶವಾದ ಡ್ರೈವರನ್ನು ತಿದ್ದಿ ಫ್ರೇಮುಗಳ ನಡುವಿನ ಅಂತರ ಸರಿಪಡಿಸಿತು. ಜೋಡಿ ಕಾರ್ಡಿನ ಶೋಕಿ ಮುಂದೆ ತಾನಾಗಿಯೇ ಕರಗಿತು.

ಕಾವಲಿ ಕಾದಿದೆ, ಆರ್ಡರ್ ಬಂದಿಲ್ಲ

ದರ್ಶಿನಿಯ ಅಡುಗೆಮನೆ ನೆನೆಸಿಕೊಳ್ಳಿ. ದೋಸೆ ಭಟ್ಟರು ಎಷ್ಟೇ ಚುರುಕಾಗಿರಲಿ, ಕಾವಲಿ ಎಷ್ಟೇ ದೊಡ್ಡದಿರಲಿ, ಕೌಂಟರಿನಲ್ಲಿ ಟೋಕನ್ ಹರಿಯುವವನು ನಿಧಾನಿಯಾದರೆ ಭಟ್ಟರು ಸುಮ್ಮನೆ ನಿಲ್ಲಬೇಕು. ಕಂಪ್ಯೂಟರಿನಲ್ಲಿ ಟೋಕನ್ ಹರಿಯುವುದು ಪ್ರೊಸೆಸರ್: ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕಿ, ‘ಇದನ್ನು ಬಿಡಿಸು’ ಎಂದು ಕಾರ್ಡಿಗೆ ಹೇಳುವುದು ಅದರ ಕೆಲಸ. ದೋಸೆ ಹೊಯ್ಯುವುದು ಗ್ರಾಫಿಕ್ಸ್ ಕಾರ್ಡ್.

2022ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಪರೀಕ್ಷಕರಿಗೆ ಎದುರಾದದ್ದು ಇದೇ ಫಜೀತಿ. 1080ಪಿ ಪರದೆಯಲ್ಲಿ ಚುಕ್ಕಿಗಳು 20.7 ಲಕ್ಷ ಮಾತ್ರ, 4ಕೆಯ ಕಾಲುಭಾಗ. ಅಷ್ಟು ಚಿಕ್ಕ ದೋಸೆಯನ್ನು ಈ ಕಾರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಯ್ದಿಟ್ಟು ಮುಂದಿನ ಟೋಕನ್‌ಗಾಗಿ ಕಾಯುತ್ತಿತ್ತು. ಹಲವು ಆಟಗಳಲ್ಲಿ ಅದಕ್ಕಿಂತ ಎಷ್ಟೋ ಅಗ್ಗದ ಕಾರ್ಡುಗಳೂ ಅದರ ಹತ್ತಿರಕ್ಕೆ ಬಂದು ನಿಂತವು. ಪಟ್ಟಿ ನೋಡಿದವರು ‘ಇದಕ್ಯಾಕೆ ಲಕ್ಷ’ ಎಂದರು. ಅವರು ನೋಡಿದ್ದು ಕಾರ್ಡಿನ ಪರೀಕ್ಷೆಯನ್ನಲ್ಲ, ಟೋಕನ್ ಹುಡುಗನ ಪರೀಕ್ಷೆಯನ್ನು.

ಆದ್ದರಿಂದಲೇ ಕಾರ್ಡನ್ನು ಪರೀಕ್ಷಿಸುವವರು ಪೇಟೆಯಲ್ಲಿ ಸಿಗುವ ಅತಿ ಚುರುಕಾದ ಪ್ರೊಸೆಸರನ್ನೇ ಜೊತೆಗಿಡುತ್ತಾರೆ. 2024ರ ನವೆಂಬರ್‌ನಿಂದೀಚೆಗೆ ಹೆಚ್ಚಿನವರ ಮೇಜಿನಲ್ಲಿ ಎಎಂಡಿಯ ರೈಜೆನ್ 9800ಎಕ್ಸ್3ಡಿ ಕೂತಿದೆ. ಎನ್ವಿಡಿಯಾ ಕಾರ್ಡನ್ನು ಅಳೆಯಲು ಅದರ ಪ್ರತಿಸ್ಪರ್ಧಿಯ ಪ್ರೊಸೆಸರು! ಮನೆಯಲ್ಲಿ ಐದು ವರ್ಷ ಹಳೆಯ ಪ್ರೊಸೆಸರ್ ಇಟ್ಟುಕೊಂಡು ಇದೇ ಕಾರ್ಡ್ ಹಾಕಿದರೆ ಪಟ್ಟಿಯ ಅಂಕಿ ಸಿಗುವುದಿಲ್ಲ, ಅದಕ್ಕೆ ಪರೀಕ್ಷಕರನ್ನು ಬೈದು ಪ್ರಯೋಜನವಿಲ್ಲ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ತಿಳಿಯಲು 2023ರಲ್ಲಿ ಇಂಟೆಲ್ ತನ್ನ ಪ್ರೆಸೆಂಟ್‌ಮಾನ್ ತಂತ್ರಾಂಶಕ್ಕೆ ‘ಜಿಪಿಯು ಬ್ಯುಸಿ’ ಎಂಬ ಅಳತೆ ಸೇರಿಸಿತು. ಒಂದು ಫ್ರೇಮಿಗೆ ಹಿಡಿದ ಒಟ್ಟು ಹೊತ್ತಿನಲ್ಲಿ ಕಾರ್ಡ್ ನಿಜಕ್ಕೂ ದುಡಿದದ್ದು ಎಷ್ಟು ಎಂದು ಅದು ಹೇಳುತ್ತದೆ. ಉಚಿತ ತಂತ್ರಾಂಶ, ಮನೆಯಲ್ಲೂ ಹಾಕಿ ನೋಡಬಹುದು.

ಅಡುಗೆಮನೆಯ ಇನ್ನೊಂದು ನಿಯಮವೂ ಇಲ್ಲಿ ನಡೆಯುತ್ತದೆ. ಮೊದಲ ದೋಸೆ ಕಾವಲಿಗೆ ಅಂಟುತ್ತದೆ, ಅದನ್ನು ಯಾರಿಗೂ ಬಡಿಸುವುದಿಲ್ಲ. ಆಟ ಮೊದಲ ಸಲ ಓಡುವಾಗ ಬೆಳಕು ನೆರಳಿನ ಪುಟ್ಟ ಪ್ರೋಗ್ರಾಮುಗಳನ್ನು ಆ ಕಾರ್ಡಿಗೆ ತಕ್ಕಂತೆ ಸಿದ್ಧ ಮಾಡಿಕೊಳ್ಳುತ್ತ ಅಲ್ಲಲ್ಲಿ ಮುಗ್ಗರಿಸುತ್ತದೆ, ಜೊತೆಗೆ ಕಾರ್ಡ್ ಇನ್ನೂ ತಣ್ಣಗಿದ್ದು ಮಾಮೂಲಿಗಿಂತ ಜಾಸ್ತಿ ವೇಗ ತೋರಿಸುತ್ತದೆ. ಹಾಗಾಗಿ ಮೊದಲ ಓಟವನ್ನು ಎಸೆದು, ಕಾರ್ಡ್ ಚೆನ್ನಾಗಿ ಕಾದ ಮೇಲೆ ಮೂರು ಓಟಗಳ ಲೆಕ್ಕ ಹಿಡಿಯುತ್ತಾರೆ. 15 ಆಟ, 3 ಬಗೆಯ ಪರದೆ, 3 ಓಟ, ಒಂದೊಂದು ನಿಮಿಷ ಅಂದರೂ ಒಂದು ಕಾರ್ಡಿಗೆ 135 ನಿಮಿಷ. ಹೋಲಿಕೆಗೆ 12 ಕಾರ್ಡುಗಳಿದ್ದರೆ 27 ಗಂಟೆ. ಆಟ ತೆರೆದುಕೊಳ್ಳಲು ಕಾಯುವ ಹೊತ್ತು, ಕಾರ್ಡ್ ಬದಲಿಸುವ ಹೊತ್ತು ಇದರಲ್ಲಿ ಸೇರಿಲ್ಲ. ನಡುವೆ ಆಟದ ಕಂಪನಿ ಒಂದು ಅಪ್‌ಡೇಟ್ ಬಿಟ್ಟರೆ ಮುಗಿಯಿತು, ಆ ಆಟದ ಹಳೆಯ ಅಂಕಿಗಳೆಲ್ಲ ಕಸದ ಬುಟ್ಟಿಗೆ.

ಇನ್‌ಸ್ಪೆಕ್ಟರ್ ಬಂದ ದಿನ

ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಯಾವ ಹುಡುಗನನ್ನು ಎಬ್ಬಿಸಿ ಯಾವ ಪ್ರಶ್ನೆ ಕೇಳುತ್ತಾರೆಂದು ಮೇಷ್ಟ್ರಿಗೆ ಮೊದಲೇ ಗೊತ್ತಿದ್ದರೆ ಏನಾಗುತ್ತದೆ? ಗ್ರಾಫಿಕ್ಸ್ ಕಾರ್ಡಿನ ಲೋಕದಲ್ಲೂ ಅದೇ ಆಯಿತು.

2001ರ ಅಕ್ಟೋಬರ್. ಕೆನಡಾದ ಎಟಿಐ ಕಂಪನಿಯ ಹೊಸ ಕಾರ್ಡ್ ರೇಡಿಯಾನ್ 8500. ಆಗ ಪ್ರತಿಯೊಬ್ಬ ಪರೀಕ್ಷಕನೂ ಓಡಿಸುತ್ತಿದ್ದ ಆಟ ‘ಕ್ವೇಕ್ 3’. ಅಮೆರಿಕದ ಹಾರ್ಡ್‌ಒಸಿಪಿ ಜಾಲತಾಣದವರು ಒಂದು ಕುಚೋದ್ಯ ಮಾಡಿದರು. ಆಟದ ಫೈಲಿನಲ್ಲಿ ‘ಕ್ವೇಕ್’ ಎಂದಿದ್ದ ಕಡೆಯೆಲ್ಲ ‘ಕ್ವ್ಯಾಕ್’ ಎಂದು ತಿದ್ದಿದರು. ಬಾತುಕೋಳಿಯ ಕೂಗು. ಬೇರೇನೂ ಬದಲಾಗಿಲ್ಲ, ಅದೇ ಆಟ, ಅದೇ ಕಾರ್ಡ್. ಆದರೆ ವೇಗ ಧಪ್ಪನೆ ಕುಸಿಯಿತು, ಗೋಡೆ ನೆಲಗಳ ಚಿತ್ರ ಮೊದಲಿಗಿಂತ ಚೆನ್ನಾಗಿ ಕಂಡಿತು! ಡ್ರೈವರ್ ಆಟದ ಹೆಸರು ನೋಡಿ ‘ಓ, ಇನ್‌ಸ್ಪೆಕ್ಟರ್ ಬಂದರು’ ಎಂದು ಗುರುತಿಸಿ, ಚಿತ್ರದ ಗುಣಮಟ್ಟವನ್ನು ಸದ್ದಿಲ್ಲದೆ ಇಳಿಸಿ ಅಂಕಿ ಏರಿಸುತ್ತಿತ್ತು. ಗದ್ದಲವಾದ ಮೇಲೆ ಬಂದ ಹೊಸ ಡ್ರೈವರಿನಲ್ಲಿ ಚಿತ್ರ ಸರಿಯಾಯಿತು, ವೇಗವೂ ಬಹುಮಟ್ಟಿಗೆ ಉಳಿಯಿತು. ಅಂದಮೇಲೆ ಕದಿಯುವ ಅಗತ್ಯವೇ ಇರಲಿಲ್ಲ. ಈ ಕಥೆಯಲ್ಲಿ ನನಗೆ ಅತಿ ಸೋಜಿಗದ್ದು ಅದೇ.

ಎರಡು ವರ್ಷ ಕಳೆದು 2003ರಲ್ಲಿ ಸರದಿ ಎನ್ವಿಡಿಯಾದ್ದು. ಫಿನ್ಲೆಂಡಿನ ಫ್ಯೂಚರ್‌ಮಾರ್ಕ್ ತಯಾರಿಸಿದ ‘3ಡಿಮಾರ್ಕ್03’ ಪರೀಕ್ಷೆಯಲ್ಲಿ ಕ್ಯಾಮೆರಾ ಪ್ರತಿ ಸಲ ಒಂದೇ ದಾರಿಯಲ್ಲಿ ಸಾಗುತ್ತಿತ್ತು. ತಂತ್ರಜ್ಞರಿಗೆ ಕೊಟ್ಟ ವಿಶೇಷ ಪ್ರತಿಯಲ್ಲಿ ಮಾತ್ರ ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಬಹುದಿತ್ತು. ತಿರುಗಿಸಿ ನೋಡಿದರೆ ಆಕಾಶವೇ ಹರಿದುಹೋಗಿತ್ತು. ಕಂಪನಿ ನಾಟಕದಲ್ಲಿ ಅರಮನೆಯ ಪರದೆ ಪ್ರೇಕ್ಷಕರ ಕಡೆಗೆ ಎಷ್ಟು ಭವ್ಯವೋ ಸೈಡ್‌ವಿಂಗಿಗೆ ಹೋಗಿ ಇಣುಕಿದವನಿಗೆ ಅಷ್ಟೇ ಬಟಾಬಯಲು, ಹಾಗೆ. ಕ್ಯಾಮೆರಾ ಎಲ್ಲಿ ನೋಡುವುದಿಲ್ಲವೋ ಅಲ್ಲಿ ಡ್ರೈವರ್ ಚಿತ್ರವನ್ನೇ ಬಿಡಿಸುತ್ತಿರಲಿಲ್ಲ. ಫ್ಯೂಚರ್‌ಮಾರ್ಕ್ ಪರೀಕ್ಷೆಯನ್ನು ತಿದ್ದಿದಾಗ ಜಿಫೋರ್ಸ್ ಎಫ್ಎಕ್ಸ್ 5900 ಅಲ್ಟ್ರಾದ ಅಂಕ ಶೇ. 24.1ರಷ್ಟು ಇಳಿಯಿತು. ಕೆಲವೇ ದಿನಗಳಲ್ಲಿ ಎರಡೂ ಕಂಪನಿಗಳು ಜಂಟಿ ಹೇಳಿಕೆ ಕೊಟ್ಟು, ಇದು ಮೋಸವಲ್ಲ, ಒಂದು ತಂತ್ರಾಂಶಕ್ಕೆಂದೇ ಮಾಡಿದ ಸುಧಾರಣೆ ಎಂದು ರಾಜಿಯಾದವು. ಯಾರು ಯಾರ ಕೈ ತಿರುಚಿದರೋ, ಓದುಗರೇ ಊಹಿಸಿಕೊಳ್ಳಿ.

ಆಟದ ಜೊತೆಗೇ ಬರುವ ಸಿದ್ಧ ಪರೀಕ್ಷೆಯನ್ನು ಬಿಟ್ಟು, ಪರೀಕ್ಷಕರು ತಮ್ಮದೇ ಬೀದಿ ಆರಿಸಿಕೊಂಡು ನಡೆಯುವುದು ಇಂಥ ಅನುಭವಗಳಿಂದಲೇ. ಪ್ರಶ್ನೆಪತ್ರಿಕೆ ಮೊದಲೇ ಸೋರಿಕೆಯಾಗಬಾರದಲ್ಲ.

ವಿಮರ್ಶೆಗೆ ಕಳಿಸುವ ಕಾರ್ಡೇ ಬೇರೆ, ಅಂಗಡಿಯ ಕಾರ್ಡೇ ಬೇರೆ ಎಂಬ ಅನುಮಾನಕ್ಕೂ ಆಧಾರವಿದೆ. 2016ರಲ್ಲಿ ಟೆಕ್‌ಪವರ್‌ಅಪ್ ಜಾಲತಾಣದವರು ಎರಡು ತಯಾರಕರ ವಿಮರ್ಶೆಯ ಪ್ರತಿಗಳು ಅಂಗಡಿಯವಕ್ಕಿಂತ ತುಸು ಹೆಚ್ಚಿನ ವೇಗಕ್ಕೆ ಹೊಂದಿಸಿ ಬಂದಿದ್ದನ್ನು ಪತ್ತೆ ಮಾಡಿದರು. ವ್ಯತ್ಯಾಸ ಅತ್ಯಲ್ಪ, ಆದರೆ ಚಾಳಿ ಚಾಳಿಯೇ. ಇನ್ನು 2020ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ‘ಹಾರ್ಡ್‌ವೇರ್ ಅನ್‌ಬಾಕ್ಸ್ಡ್’ ತಂಡಕ್ಕೆ ಎನ್ವಿಡಿಯಾ ಇನ್ನು ಮುಂದೆ ತನ್ನ ಕಾರ್ಡುಗಳನ್ನು ವಿಮರ್ಶೆಗೆ ಕಳಿಸುವುದಿಲ್ಲವೆಂದು ಪತ್ರ ಬರೆಯಿತು. ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ರೇ ಟ್ರೇಸಿಂಗ್ ತಂತ್ರಕ್ಕೆ ಅವರು ಸಾಕಷ್ಟು ಮಹತ್ವ ಕೊಡುತ್ತಿಲ್ಲ ಎಂಬುದು ದೂರು. ಪತ್ರ ಬಯಲಾಗಿ ಛೀಮಾರಿ ಬಿದ್ದ ಮೇಲೆ ಕಂಪನಿ ಒಂದೆರಡು ದಿನದಲ್ಲೇ ಹಿಂದೆ ಸರಿದು ಕ್ಷಮೆ ಕೇಳಿತು.

ಮಿಕ್ಸಿ ಓಡುತ್ತಲೇ ಇದ್ದರೆ

ವೇಗದ ಪಟ್ಟಿ ನೋಡಿ ಪುಟ ಮುಚ್ಚುವವರು ತಪ್ಪದೆ ಓದಬೇಕಾದ ಭಾಗ ಕರೆಂಟಿನದು. 4090ರ ಮಿತಿ 450 ವಾಟ್, 5090ರದು 575. ನಮ್ಮ ಅಡುಗೆಮನೆಯ ಮಿಕ್ಸಿಗೆ ಹೆಚ್ಚುಕಡಿಮೆ ಇಷ್ಟೇ ಬೇಕು. ಆದರೆ ಚಟ್ನಿ ಐದು ನಿಮಿಷಕ್ಕೆ ಮುಗಿಯುತ್ತದೆ, ಆಟ ನಾಲ್ಕು ಗಂಟೆ ನಡೆಯುತ್ತದೆ. ಇಡೀ ಕಂಪ್ಯೂಟರ್ 800 ವಾಟ್ ಎಳೆದರೆ ನಾಲ್ಕು ಗಂಟೆಗೆ 3.2 ಯೂನಿಟ್. ಆ ವಾಟುಗಳೆಲ್ಲ ಕೊನೆಗೆ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತವೆ. ನಮ್ಮ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿನ ಕೆಳಗೆ ಕುಳಿತಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವಾಟ್. ಉಳಿದದ್ದನ್ನು ಹೇಳಬೇಕಿಲ್ಲ.

ಪರೀಕ್ಷಕರು ಗೋಡೆಯ ಸಾಕೆಟ್ಟಿನಲ್ಲಿ ಅಳೆದು ಸುಮ್ಮನಾಗುವುದಿಲ್ಲ. ಕಾರ್ಡಿಗೆ ಹೋಗುವ ಪ್ರತಿ ದಾರಿಯಲ್ಲೂ ಸೆನ್ಸರ್ ಇಟ್ಟು ನೋಡುತ್ತಾರೆ, ಏಕೆಂದರೆ ಕಾರ್ಡು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ತನ್ನ ಮಿತಿಗಿಂತ ಎಷ್ಟೋ ಹೆಚ್ಚು ಗಬಕ್ಕನೆ ಎಳೆಯುವುದುಂಟು. ಪವರ್ ಸಪ್ಲೈ ಹೆದರಿ ಕಂಪ್ಯೂಟರ್ ಆರಿಹೋಗುವುದು ಆಗಲೇ. 4090 ಬಂದ ಕೆಲವೇ ವಾರಗಳಲ್ಲಿ ಕೆಲವರ ಕಾರ್ಡುಗಳ ಕನೆಕ್ಟರ್ ಕರಗಿದ ಚಿತ್ರಗಳು ಹರಿದಾಡಿದಾಗ, ಅಮೆರಿಕದ ಗೇಮರ್ಸ್ ನೆಕ್ಸಸ್ ಎಂಬ ಪರೀಕ್ಷಾ ವಾಹಿನಿಯ ಸ್ಟೀವ್ ಬರ್ಕ್ ತಂಡ ಸುಟ್ಟ ಭಾಗಗಳನ್ನು ತರಿಸಿ ಪ್ರಯೋಗಾಲಯಕ್ಕೂ ಕಳಿಸಿ ನೋಡಿತು. ಪ್ಲಗ್ ಪೂರ್ತಿ ಒಳಗೆ ಹೋಗದಿರುವುದು ಮುಖ್ಯ ಕಾರಣಗಳಲ್ಲೊಂದು ಎಂದು ತಿಳಿಯಿತು. ಬಳಕೆದಾರರ ತಪ್ಪು ಅನ್ನಬಹುದು. ಆದರೆ ಪೂರ್ತಿ ಕೂತಿತೋ ಇಲ್ಲವೋ ಗೊತ್ತಾಗದಂಥ ಪ್ಲಗ್ ಮಾಡಿದವರದ್ದೂ ತಪ್ಪೇ. ಮುಂದೆ ಅದರ ವಿನ್ಯಾಸವನ್ನು ಬದಲಿಸಿದರು.

ಶಾಖದ ಅಂಕಿಯನ್ನು ನಾವು ನಮ್ಮ ಊರಿಗೆ ಒಗ್ಗಿಸಿ ಓದಬೇಕು. 22 ಡಿಗ್ರಿಯ ತಂಪು ಕೋಣೆಯಲ್ಲಿ ಕಾರ್ಡ್ 72 ಡಿಗ್ರಿ ಮುಟ್ಟಿತೆಂದರೆ ಅದು ಕೋಣೆಗಿಂತ 50 ಡಿಗ್ರಿ ಮೇಲೆ. ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿಯಲ್ಲಿ, ಎಸಿ ಇಲ್ಲದೆ? ಫ್ಯಾನುಗಳು ಬೊಬ್ಬಿರಿಯುತ್ತವೆ, ಅಷ್ಟಕ್ಕೂ ಸಾಲದಿದ್ದರೆ ಕಾರ್ಡ್ ತನ್ನ ವೇಗ ಇಳಿಸಿಕೊಳ್ಳುತ್ತದೆ. ಪಟ್ಟಿಯ ಉದ್ದ ಗೆರೆ ಬಿಸಿಲಿಗೆ ಬಾಡಿ ಗಿಡ್ಡಾಗುತ್ತದೆ.

ಹಾಲೋ ಮಜ್ಜಿಗೆಯೋ

ಈಗಿನ ದೊಡ್ಡ ಜಗಳಕ್ಕೆ ಬರೋಣ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯ ಮೇಲೆ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಎರಡು ಮಾತು ಹೇಳಿದರು. 5090 ಹಿಂದಿನ 4090ಕ್ಕಿಂತ ಇಮ್ಮಡಿ ಬಲಶಾಲಿ. 549 ಡಾಲರಿನ 5070ರಲ್ಲಿ 1,599 ಡಾಲರಿನ 4090ರ ಬಲ ಸಿಗುತ್ತದೆ.

ಪರೀಕ್ಷಕರು ತಮ್ಮ ಮಾಮೂಲು ಬೀದಿಗಳಲ್ಲಿ ನಡೆದು ನೋಡಿದಾಗ 4ಕೆಯಲ್ಲಿ 5090 ಗೆದ್ದದ್ದು ಸುಮಾರು ಶೇ. 30ರ ಆಸುಪಾಸು. 5070 ಅಂತೂ 4090ರ ಹತ್ತಿರಕ್ಕೂ ಬರಲಿಲ್ಲ. ಹಾಗಾದರೆ ಹುವಾಂಗ್ ಹೇಳಿದ ಇಮ್ಮಡಿ ಎಲ್ಲಿಂದ ಬಂತು?

ಕೃತಕ ಬುದ್ಧಿಮತ್ತೆಯಿಂದ ಬಂತು. 2018ರಲ್ಲಿ ಎನ್ವಿಡಿಯಾ ತಂದ ಡಿಎಲ್ಎಸ್ಎಸ್ ತಂತ್ರ, ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಊಹೆಯಿಂದ ದೊಡ್ಡದು ಮಾಡುತ್ತದೆ. 2022ರಲ್ಲಿ ಅದಕ್ಕೆ ಇನ್ನೊಂದು ಸೇರಿತು: ಎರಡು ನಿಜವಾದ ಫ್ರೇಮುಗಳ ನಡುವೆ ಒಂದು ಊಹೆಯ ಫ್ರೇಮ್. 5090ರ ಪೀಳಿಗೆಯಲ್ಲಿ ನಡುವೆ ಮೂರು. 4ಕೆ ಚಿತ್ರದ ಕಾಲುಭಾಗ ಬಿಡಿಸಿ, ನಾಲ್ಕು ಫ್ರೇಮುಗಳಲ್ಲಿ ಒಂದನ್ನು ಮಾತ್ರ ಬಿಡಿಸಿದರೆ, ಕಾರ್ಡ್ ಸ್ವತಃ ಲೆಕ್ಕ ಹಾಕಿದ್ದು 16ರಲ್ಲಿ 1 ಪಾಲು. ಹದಿನಾರಾಣೆ ಚಿತ್ರದಲ್ಲಿ ಒಂದಾಣೆ ದುಡಿಮೆ, ಹದಿನೈದಾಣೆ ಊಹೆ. ಇದನ್ನು ಹುವಾಂಗ್ ಅವರೇನೂ ಮುಚ್ಚಿಡಲಿಲ್ಲ. 3.3 ಕೋಟಿ ಚುಕ್ಕಿಗಳಲ್ಲಿ ಲೆಕ್ಕ ಹಾಕಿದ್ದು 20 ಲಕ್ಷ ಮಾತ್ರ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದಲೇ ಹೇಳಿಕೊಂಡರು.

ಎಫ್‌ಪಿಎಸ್ ಕೌಂಟರಿಗೆ ಎಲ್ಲ ಫ್ರೇಮೂ ಒಂದೇ, ಆದರೆ ಮೌಸ್ ಹಿಡಿದ ಕೈಗೆ ಹಾಗಲ್ಲ. ನಡುವಿನ ಫ್ರೇಮ್ ಊಹಿಸಬೇಕೆಂದರೆ ಹಿಂದಿನದೂ ಗೊತ್ತಿರಬೇಕು, ಮುಂದಿನದೂ. ಅಂದರೆ ಈಗಾಗಲೇ ಬಿಡಿಸಿ ಮುಗಿಸಿದ ಮುಂದಿನ ಫ್ರೇಮನ್ನು ತೋರಿಸದೆ ತಡೆದಿಟ್ಟುಕೊಳ್ಳಬೇಕು. ಆಟ ನಯವಾಗಿ ಕಾಣುತ್ತದೆ, ಗುಂಡಿ ಒತ್ತಿದ್ದಕ್ಕೆ ಪ್ರತಿಕ್ರಿಯೆ ಮಾತ್ರ ಒಂದು ಗಳಿಗೆ ತಡ. ಇದನ್ನು ಹಿಡಿಯಲು ಪರೀಕ್ಷಕರು ಮಾನಿಟರಿನ ಮೇಲೆ ಬೆಳಕಿನ ಸೆನ್ಸರ್ ಅಂಟಿಸಿ, ಮೌಸ್ ಒತ್ತಿದ ಕ್ಷಣದಿಂದ ಬಂದೂಕಿನ ಬೆಳಕು ಹೊಳೆಯುವ ತನಕ ಎಷ್ಟು ಮಿಲಿಸೆಕೆಂಡು ಎಂದು ಎಣಿಸುತ್ತಾರೆ. ಮೊದಲೇ 60ರಲ್ಲಿ ಓಡುತ್ತಿದ್ದ ಆಟ 200 ಎಂದು ತೋರಿಸಿದರೆ ಕಣ್ಣಿಗೆ ಹಬ್ಬ. 25ರಲ್ಲಿ ಏದುಸಿರು ಬಿಡುತ್ತಿದ್ದದ್ದು 90 ಎಂದು ತೋರಿಸಿದರೆ, ಕೈಗೆ ಅದು 25ರ ಆಟವೇ. ಇನ್ನೂ ತುಸು ಮಂದ.

ಇದನ್ನು ಸುಳ್ಳು ಫ್ರೇಮ್ ಎಂದು ಜರೆಯುವವರಿದ್ದಾರೆ. ನನ್ನ ಲೆಕ್ಕ ಬೇರೆ. ನೀರು ಬೆರೆಸಿದ್ದೆಲ್ಲ ಮೋಸವಲ್ಲ. ಬೇಸಿಗೆಯಲ್ಲಿ ಮೊಸರಿಗೆ ಮೂರು ಪಟ್ಟು ನೀರು ಹಾಕಿ ಕಡೆದು ಕೊಟ್ಟರೆ ಕೈಮುಗಿದು ಕುಡಿಯುತ್ತೇವೆ. ಆದರೆ ಅದನ್ನು ಮಜ್ಜಿಗೆ ಎಂದೇ ಕೊಡಬೇಕು. ಹಾಲಿನ ಕ್ಯಾನಿನಲ್ಲಿ ತುಂಬಿ ‘ನಮ್ಮ ಎಮ್ಮೆ ಇಮ್ಮಡಿ ಕರೆಯಿತು’ ಎಂದರೆ ಲ್ಯಾಕ್ಟೋಮೀಟರ್ ತರಬೇಕಾಗುತ್ತದೆ. ಪರೀಕ್ಷಕರು ಈಗ ಮಾಡುತ್ತಿರುವುದು ಅಷ್ಟೇ. ಊಹೆಯ ಫ್ರೇಮುಗಳ ಪಟ್ಟಿಯನ್ನು ಬೇರೆಯೇ ಹಾಕಿ, ಪಕ್ಕದಲ್ಲಿ ತಡದ ಅಂಕಿ ಬರೆಯುತ್ತಾರೆ.

ನೀರು ತೆಗೆದು ಅಳೆದಾಗ 5090ರ ಕಥೆ ಕುತೂಹಲದ್ದು. ವೇಗ ಸುಮಾರು ಶೇ. 30 ಹೆಚ್ಚು. ಕರೆಂಟಿನ ಮಿತಿ 450ರಿಂದ 575 ವಾಟಿಗೆ ಏರಿತು, ಶೇ. 28 ಹೆಚ್ಚು. ಬೆಲೆ 1,599ರಿಂದ 1,999 ಡಾಲರಿಗೆ, ಶೇ. 25 ಹೆಚ್ಚು. ಕೊಟ್ಟಷ್ಟು ಕಾಸಿಗೆ ಅಷ್ಟೇ ಕಜ್ಜಾಯ. ಇದು ಜಗತ್ತಿನ ಅತಿ ವೇಗದ ಆಟದ ಕಾರ್ಡ್ ಎಂಬುದೂ ನಿಜ. ಎರಡು ಮಾತೂ ಒಂದೇ ಪಟ್ಟಿಯಿಂದ ಬಂದವು.

ಎಸ್.ಪಿ. ರಸ್ತೆಯಲ್ಲಿ

ಈ ಕಾರ್ಡುಗಳ ಚಿಪ್ಪು ತಯಾರಾಗುವುದು ತೈವಾನಿನಲ್ಲಿ, ಪರೀಕ್ಷೆ ನಡೆಯುವುದು ಹೆಚ್ಚಾಗಿ ಪಶ್ಚಿಮದ ದೇಶಗಳಲ್ಲಿ. ಆದರೂ ಬೆಂಗಳೂರಿಗೆ ಇದು ಪರರ ಸುದ್ದಿಯಲ್ಲ. ಎನ್ವಿಡಿಯಾ, ಎಎಂಡಿ ಎರಡರ ಎಂಜಿನಿಯರುಗಳೂ ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ. 2023ರ ನವೆಂಬರ್‌ನಲ್ಲಿ ಎಎಂಡಿ ತೆರೆದ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಇರುವುದೂ ಇದೇ ಊರಿನಲ್ಲಿ.

ಅವರೆಲ್ಲ ದುಡಿದದ್ದು ಕೊನೆಗೆ ಬಂದು ಸೇರುವ ಸ್ಥಳಗಳಲ್ಲಿ ಒಂದು ಸಾದರ ಪತ್ರಪ್ಪ ರಸ್ತೆ. ಈ ಲೇಖನಕ್ಕಾಗಿ ಹತ್ತಾರು ಪಟ್ಟಿಗಳನ್ನು ಓದಿ ತಲೆ ತುಂಬಿಸಿಕೊಂಡು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಕೈಗಾಡಿಗಳ ನಡುವೆ ನುಸುಳಿ, ಎರಡನೆಯ ಮಹಡಿಯ ಕಿರಿದಾದ ಅಂಗಡಿಯೊಂದರಲ್ಲಿ 5090 ಇದೆಯೇ ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ರೇಟು ಹೇಳಲಿಲ್ಲ.

‘ಮಾನಿಟರ್ ಯಾವ್ದಿದೆ ಸಾರ್?’

‘ಹಳೇದೇ. 1080ಪಿ, 60 ಹರ್ಟ್ಸ್.’

ಅವನು ಬಿಲ್ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ‘ಅದ್ರಲ್ಲಿ ಸೆಕೆಂಡ್‌ಗೆ 60ಕ್ಕಿಂತ ಜಾಸ್ತಿ ಕಾಣ್ಸೋದೇ ಇಲ್ಲ ಸಾರ್. ಮೊದ್ಲು ಮಾನಿಟರ್ ಚೇಂಜ್ ಮಾಡಿ. ಕಾರ್ಡ್ ಎಲ್ಲೂ ಓಡಿ ಹೋಗಲ್ಲ.’